ಕೂಸಿಗೆ ನೀರೆರೆದ ನೀಲಗಂಗಕ್ಕ

ಶಿಕಾಗೋ ಹೊರವಲಯದ ಶಾಮ್‌ಬರ್ಗಿನಿಂದ ಗ್ಲೆಂಡೇಲ್ ಹೈಟ್ಸ್‌ವರೆಗಿನ ನಮ್ಮ ಕನ್ನಡದ ಮನೆಗಳಲ್ಲಿ ಮಗು ಹುಟ್ಟಿತು ಅಂದರೆ ಮೊದಲು ಫೋನು ಹೋಗುತ್ತಿದ್ದದ್ದು ಅಜ್ಜಿಗಲ್ಲ, ನೀಲಗಂಗಕ್ಕನಿಗೆ. ಅಜ್ಜಿಗೆ ವೀಸಾ ಸಿಗಬೇಕು, ಸಿಕ್ಕರೂ ಮಂಡಿನೋವು. ನೀಲಗಂಗಕ್ಕನಿಗೆ ಒಂದು ರೈಡ್ ಸಿಕ್ಕರೆ ಸಾಕಿತ್ತು. ಬಾಣಂತಿಗೆಂದು ಕಟ್ಟಿದ ಅಳವಿಯುಂಡೆಯ ಡಬ್ಬಿ, ಕೊಬ್ಬರಿ ಎಣ್ಣೆಯ ಬಾಟಲಿ, ಮೆತ್ತಗಾದ ಹಳೆಯ ಇಳಕಲ್ ಸೀರೆ ಹಿಡಿದು ಬಂದರೆಂದರೆ ಬಾಣಂತಿ, ಕೂಸು ಇಬ್ಬರೂ ಅವರ ವಶ. ಒಮ್ಮೆ ಕೂಸಿಗೆ ಲೋಬಾನದ ಹೊಗೆ ಹಾಕಲು ಹೋಗಿ ಅಪಾರ್ಟ್‌ಮೆಂಟಿನ ಅಲಾರಂ ಬಡಕೊಂಡು ಫೈರ್ ಎಂಜಿನ್ನೇ ಬಂದಿತ್ತು. ಹೆಲ್ಮೆಟ್ ಹಾಕಿಕೊಂಡು ಮೇಲೆ ಹತ್ತಿ ಬಂದವನಿಗೆ ಇವರು, "ಬೂಟು ಹೊರಗ ಬಿಡಪಾ, ಬಾಣಂತಿ ಮನಿ ಇದು" ಅಂದರಂತೆ. ಅವನಿಗೇನು ಅರ್ಥವಾಯಿತೋ, ಬಿಟ್ಟೇ ಒಳಗೆ ಬಂದ.

ಬೈಲಹೊಂಗಲದ ಕಡೆಯವರು. ಗಂಡ ಗುರುಶಾಂತಪ್ಪನವರು ಮೊದಲು ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಈ ಕಡೆ ಬಂದವರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳಾಗಲಿಲ್ಲ. 'ಬಂಜೆಗೇನು ಗೊತ್ತು ಹೆರಿಗೆ ನೋವು' ಅನ್ನುವ ಮಾತನ್ನು ಊರಲ್ಲಿ ಸಾಕಷ್ಟು ಕೇಳಿ ಬಂದಿದ್ದ ಹೆಂಗಸು, ಇಲ್ಲಿ ಎಲ್ಲರ ಮಕ್ಕಳಿಗೂ ನೀರೆರೆದರು. ಮೊಟ್ಟಮೊದಲ ಕೂಸು ನನ್ನ ಮಗಳು ದಿಯಾ. ನಾನು ಮೈಸೂರಿನವಳು, ಭಾನು. ನಾಲ್ಕು ಮಾತು ಆಡಬೇಕಾದ ಕಡೆ ಎಂಟು ಆಡುವವಳು, ಆದರೆ ಅಂಗೈಯಗಲದ ಮಗುವನ್ನು ಮುಟ್ಟಲು ಹೆದರುತ್ತಿದ್ದೆ. ನೀಲಗಂಗಕ್ಕ ಬಾತ್‌ಟಬ್ಬಿನೊಳಗೇ ಮಣೆ ಹಾಕಿಕೊಂಡು, ಕಾಲು ನೀಡಿ ಕೂತು, ಕೂಸನ್ನು ಮೊಳಕಾಲ ಮೇಲೆ ಬೋರಲು ಮಲಗಿಸಿ ಚೊಂಬು ಎತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಈಕಿ ಕೂಸಿಗೂ ನಾನ ಎರಿಯಾಕಿ" ಎಂದು ಆವತ್ತೇ ಹೇಳಿಟ್ಟಿದ್ದರು. ಆ ಮಾತು ನಮ್ಮ ಮನೆಯಲ್ಲಿ ಮೂವತ್ತು ವರ್ಷ ಉಳಿಯಿತು. ಕಳೆದ ವರ್ಷ ಮಿಷಿಗನ್‌ನ ಕ್ಯಾಂಟನ್‌ನಲ್ಲಿರುವ ದಿಯಾ ಬಸುರಿ ಎಂದು ತಿಳಿದಾಗ ನೀಲಗಂಗಕ್ಕ ಅಂದೇ ಅಳವಿ ಬೀಜ ಆರಿಸಲು ಕೂತರು.

ಅದೇ ಹೊತ್ತಿಗೆ ಶಾಮ್‌ಬರ್ಗಿನ ಸ್ಮಿತಾಳ ಮನೆಯಲ್ಲಿ ಬಾಣಂತನ ನಡೆದಿತ್ತು. ಸ್ಮಿತಾಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಧಾರವಾಡದಿಂದ ದಿನಾ ಫೋನು. "ನನ್ನ ಮೊಮ್ಮಗಗ ಹೆಂಗ ಎರಿತೀರಿ, ಒಮ್ಮೆರ ತೋರಸ್ರಿ" ಎಂದು ಆಕೆ ಬೇಡಿಕೊಂಡಳು. ನೀಲಗಂಗಕ್ಕ ತಮ್ಮ ಫೋನನ್ನು ಶ್ಯಾಂಪೂ ಬಾಟಲಿಗೆ ಒರಗಿಸಿ ವಿಡಿಯೋ ಮಾಡಿ ಕಳಿಸಿದರು. ಮಗುವಿನ ಸ್ನಾನದಲ್ಲಿ ನಾಚಿಕೊಳ್ಳುವಂಥದ್ದು ಏನಿದೆ ಎಂದು ನಮ್ಮಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ? ಅಂಥದೊಂದು ಫೋಟೋ ಇಲ್ಲದ ಆಲ್ಬಮ್ ನಮ್ಮವರ ಮನೆಯಲ್ಲಿಲ್ಲ. ಮದುವೆಯ ದಿನ ಅದನ್ನೇ ತೆಗೆದು ಮದುಮಗನ ಮಾನ ಕಳೆಯುತ್ತೇವೆ.

ಫೋನು ಮಾತ್ರ ಆ ವಿಡಿಯೋದ ಒಂದು ಪ್ರತಿಯನ್ನು ತಾನಾಗಿಯೇ, ಅವರ ಮೇಲ್, ಫೋಟೋಗಳನ್ನೆಲ್ಲ ಇಟ್ಟುಕೊಳ್ಳುವ ಕಂಪನಿಯ ಕ್ಲೌಡ್ ಉಗ್ರಾಣಕ್ಕೆ ಕಳಿಸಿತ್ತು. ಅಲ್ಲಿ ಯಾವುದೋ ಯಂತ್ರ ಅದನ್ನು ನೋಡಿತು. ಮರುದಿನ ಬೆಳಿಗ್ಗೆ ನೀಲಗಂಗಕ್ಕ ನಮ್ಮ ಮನೆಗೆ ಬಂದು ಫೋನು ಮುಂದೆ ಹಿಡಿದರು.

"ಭಾನು, ಇದೇನ ಬರದಾರ ಓದವಾ. ಒಂದೂ ತೆರಿವಲ್ದು."

ಓದಿದೆ. ಮಕ್ಕಳಿಗೆ ಹಾನಿ ಮಾಡುವಂಥ ದೃಶ್ಯ ಇದ್ದದ್ದರಿಂದ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ ಎಂದಿತ್ತು. ಇದನ್ನು ಅವರಿಗೆ ಕನ್ನಡದಲ್ಲಿ ಹೇಗೆ ಹೇಳುವುದು? ಹೇಗೋ ಹೇಳಿದೆ. ಅವರು ಸೋಫಾದ ಅಂಚಿನಲ್ಲಿ ಕೂತರು.

"ನಾನಾ? ಕೂಸಿಗಾ?" ಅಂದರು.

ನನ್ನ ಗಂಡ ಶ್ರೀಧರ್ ಕೂತು ಮನವಿ ಬರೆದುಕೊಟ್ಟರು. ತೀರ್ಮಾನ ಬದಲಾಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಫೋನ್ ನಂಬರ್ ಇಲ್ಲ, ಸಹಿ ಇಲ್ಲ. "ಯಾರರ ಮನಷ್ಯಾರು ಇರಬೇಕಲ್ಲ, ಭೆಟ್ಟಿ ಆಗಿ ಹೇಳ್ತೀನಿ" ಎಂದು ನೀಲಗಂಗಕ್ಕ ಹಟ ಹಿಡಿದಾಗ, ಶಿಕಾಗೋ ಪೇಟೆಯಲ್ಲಿರುವ ಆ ಕಂಪನಿಯ ಆಫೀಸಿಗೆ ನಾನೇ ಕರೆದುಕೊಂಡು ಹೋದೆ. ಮುಂಬಾಗಿಲಲ್ಲಿ ಕೂತ ಹುಡುಗಿ ಬಹಳ ಸೌಜನ್ಯದಿಂದ ಒಂದು ವೆಬ್‌ಸೈಟಿನ ಹೆಸರು ಹೇಳಿದಳು. ಅದನ್ನು ತೆರೆಯಬೇಕಾದರೆ ಮುಚ್ಚಿದ ಅದೇ ಖಾತೆಯಿಂದ ಲಾಗಿನ್ ಆಗಬೇಕಿತ್ತು. ಬ್ಯಾಂಕಿನ ಕೋಡು ಬರುತ್ತಿದ್ದದ್ದು ಅದೇ ಮೇಲ್‌ಗೆ. ಗುರುಶಾಂತಪ್ಪನವರು ಕೊನೆಯ ವರ್ಷ ವಚನ ಹೇಳಿದ್ದ ವಿಡಿಯೋಗಳು ಇದ್ದದ್ದೂ ಅಲ್ಲೇ. ವಾಪಸ್ ಬರುವಾಗ ರೈಲಿನಲ್ಲಿ, "ಅವರ ದನಿ ಮರತ ಹೋದರ ಏನ ಮಾಡ್ಲಿ ಭಾನು" ಎಂದು ಒಮ್ಮೆ ಕೇಳಿದರು.

ಆಮೇಲೆ ನೀಲಗಂಗಕ್ಕನ ಮನೆಗೆ ಪೊಲೀಸ್ ಬಂದ, ನಾನೂ ಅಲ್ಲೇ ಇದ್ದೆ. ಕಂಪನಿಯಿಂದ ವಿಷಯ ಪೊಲೀಸರಿಗೂ ಹೋಗಿತ್ತು. ಒಳ್ಳೆಯ ಮನುಷ್ಯ. ವಿಡಿಯೋ ನೋಡಿದ್ದ, ಸ್ಮಿತಾಳನ್ನು ಕಂಡು ಮಾತಾಡಿದ್ದ. ಇದರಲ್ಲಿ ತಪ್ಪೇನೂ ಇಲ್ಲ, ನಮ್ಮ ಕಡೆಯಿಂದ ಮುಗಿಯಿತು ಎಂದ. ಹಾಗಾದರೆ ಕಂಪನಿಗೆ ಅದನ್ನೇ ಹೇಳಿ ಎಂದೆ. "ಅವರು ನಮ್ಮ ಮಾತು ಕೇಳಲ್ಲ, ಮ್ಯಾಮ್" ಎಂದು ತಲೆ ಕೆರೆದುಕೊಂಡು ಹೋದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರ ಎದುರುಮನೆಯ ಜಗನ್ನಾಥನ ಬಾಗಿಲಿಗೆ ಕ್ಯಾಮೆರಾ ಇದೆಯಲ್ಲ, ಅದು ಪೊಲೀಸ್ ಕಾರನ್ನು ಹಿಡಿದಿತ್ತು. ಸಂಜೆಯೊಳಗೆ ಆ ತುಣುಕು ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ. 'ನಮ್ಮ ಬೀದಿಯಲ್ಲಿ ಏನಾಗಿದೆ, ಯಾರಿಗಾದರೂ ಗೊತ್ತೇ?' ಎಂಬ ಕಳಕಳಿಯ ಪ್ರಶ್ನೆ ಬೇರೆ. ಇದೇ ಜಗನ್ನಾಥ ದೀಪಾವಳಿ ಕಾರ್ಯಕ್ರಮದಲ್ಲಿ ಮೈಕು ಹಿಡಿದು, ಈ ಕಂಪನಿಗಳು ನಮ್ಮ ಬೆಡ್‌ರೂಮಿನವರೆಗೂ ಕಿವಿ ಚಾಚಿವೆ, ಎಚ್ಚರ ಎಂದು ಭಾಷಣ ಬಿಗಿದಿದ್ದ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅಷ್ಟರಲ್ಲಿ ಹೇಗೋ ಹೊರಬಿದ್ದಿದ್ದ, ಖಾತೆ ಮುಚ್ಚಿದ ಸುದ್ದಿಗೂ ಪೊಲೀಸ್ ಕಾರಿಗೂ ಗಂಟು ಹಾಕಿದರು. ಕಂಪನಿಗಳನ್ನು ದಿನಾ ಬೈಯುವವರೇ, "ಅಷ್ಟು ದೊಡ್ಡ ಕಂಪನಿ ಸುಮ್ಮಸುಮ್ನೆ ಮಾಡುತ್ತೇನ್ರೀ?" ಎಂದರು. ಮಕ್ಕಳಿಲ್ಲದ ಹೆಂಗಸಿಗೆ ಬೇರೆಯವರ ಮಕ್ಕಳ ಮೇಲೆ ಯಾಕಿಷ್ಟು ಆಸೆ ಎಂದು ಒಬ್ಬಳು ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ನಿಂತು ಪಿಸುಗುಟ್ಟಿದಳು. ಮನೆಗೆ ಬಂದರೆ ನನ್ನ ಗಂಡ, ಲ್ಯಾಪ್‌ಟಾಪ್ ಕ್ಯಾಮೆರಾಗೆ ಟೇಪ್ ಅಂಟಿಸಿಕೊಂಡು ಕೂರುವ ಪುಣ್ಯಾತ್ಮ, "ಅವರ ಹತ್ರ ಡೇಟಾ ಇರತ್ತೆ ಭಾನು, ನಮಗೇನು ಗೊತ್ತು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಹಾಗಿದ್ರೆ ಇವತ್ತಿನ ಕಾಫಿಗೂ ಡೇಟಾನೇ ಹಾಕ್ಕೊಂಡು ಕುಡೀರಿ" ಎಂದು ಲೋಟ ಎತ್ತಿಕೊಂಡು ಹೋದೆ.

ನಿಜ ಗೊತ್ತಿದ್ದದ್ದು ಸ್ಮಿತಾಳಿಗೆ. ಅವಳ ಮನೆಗೆ ಹೋಗಿ, ಗುಂಪಿನಲ್ಲಿ ಒಂದೇ ಒಂದು ಸಾಲು ಬರಿ ತಾಯಿ, ನಮ್ಮಮ್ಮ ಕೇಳಿದ್ದಕ್ಕೆ ಮಾಡಿದ ವಿಡಿಯೋ ಅಂತ, ಎಂದು ಕೇಳಿಕೊಂಡೆ, ಕೈ ಮುಗಿಯುವುದೊಂದು ಬಾಕಿ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಾ ಕೂತಳು.

"ಆಂಟಿ, ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ರಿ. ನಮ್ಮ ಹೆಸರು ಎಲ್ಲೂ ಬರೋದು ಬ್ಯಾಡ ಅಂತ ನಮ್ಮ ಮನಿಯವರು ಹೇಳ್ಯಾರ. ನಮ್ಮ ಅಕೌಂಟೂ ಹೋದ್ರ ಏನ್ ಮಾಡೋದ್ರಿ? ವೀಸಾದ ಮೇಲ್ ಎಲ್ಲಾ ಅದರಾಗ ಅದಾವ."

ಬೈಯಲು ಹೋದವಳು ಬೈಯಲಾಗದೆ ಬಂದೆ. ನೀಲಗಂಗಕ್ಕನಿಗೆ ಫೋನುಗಳು ನಿಂತವು. ಅವರೂ ಯಾರನ್ನೂ ಕೇಳಲಿಲ್ಲ. ದೇವಸ್ಥಾನದಲ್ಲಿ ಸಣ್ಣ ಮಕ್ಕಳು ಸೀರೆ ಹಿಡಿದರೆ ಎರಡೂ ಕೈ ಮೇಲೆತ್ತಿ ಹಿಂದೆ ಸರಿಯುವುದನ್ನು ನಾನೇ ನೋಡಿದೆ.

ಚಳಿಗಾಲದಲ್ಲಿ ದಿಯಾಗೆ ಹೆಣ್ಣುಮಗು ಹುಟ್ಟಿತು. ನೀಲಗಂಗಕ್ಕನನ್ನು ಕರೆದುಕೊಂಡು ಬರುತ್ತೇನೆ ಎಂದಾಗ ಅವಳು ಸ್ವಲ್ಪ ತಡೆದಳು. "ಅಮ್ಮಾ, ಐ ಬಿಲೀವ್ ಹರ್, ಆಫ್ ಕೋರ್ಸ್. ಬಟ್ ಜೈ ಈಸ್ ನರ್ವಸ್" ಎಂದಳು. ಜೈ ಅವಳ ಗಂಡ.

"ನಿನ್ನ ಬೆನ್ನು ನೆಟ್ಟಗೆ ನಿಂತಿರೋದು ಆ ಕೈಯಿಂದ ಕಣೇ" ಎಂದು ಫೋನಿಟ್ಟೆ. ಮರುದಿನ ಅವಳೇ ಫೋನು ಮಾಡಿ, "ಕರ್ಕೊಂಡು ಬಾ ಅಮ್ಮಾ" ಎಂದಳು.

ದಾರಿಯುದ್ದಕ್ಕೂ ಎಣ್ಣೆಯ ಬಾಟಲಿ ಗಟ್ಟಿಯಾಗಬಾರದೆಂದು ನೀಲಗಂಗಕ್ಕ ಅದನ್ನು ಶಾಲಿನೊಳಗೆ ಇಟ್ಟುಕೊಂಡು ಕೂತಿದ್ದರು. ಕ್ಯಾಂಟನ್ ತಲುಪುವಷ್ಟರಲ್ಲಿ ಅವರ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಜೈ ನಮ್ಮೆದುರಿಗೇ ಎಲ್ಲರ ಫೋನುಗಳನ್ನೂ ಅಡುಗೆಮನೆಯ ಡ್ರಾಯರಿಗೆ ಹಾಕಿದ. ತೊಟ್ಟಿಲ ಮೇಲಿದ್ದ ಕ್ಯಾಮೆರಾದ ವೈರು ಕಿತ್ತ. ದಿಯಾ ಮಲಗುವ ಕೋಣೆಯಲ್ಲಿ ಬಚ್ಚಲ ಬಾಗಿಲ ಹತ್ತಿರ ಚಾಪೆ ಹಾಸಿ ಮಗುವನ್ನು ತಂದಳು. ನೀಲಗಂಗಕ್ಕ ಅಂಗೈಗೆ ಎಣ್ಣೆ ಸುರಿದುಕೊಂಡು, ತಿಕ್ಕಿ ಬಿಸಿ ಮಾಡಿ, ಇನ್ನೇನು ಕೂಸಿನ ಎದೆಗೆ ಕೈ ಇಡಬೇಕು, ಒಮ್ಮೆ ಮೇಲೆ ನೋಡಿದರು. ಸೂರಿನಲ್ಲಿ ಬಿಳಿಯ ಬಿಲ್ಲೆಯೊಂದರಲ್ಲಿ ಹಸಿರು ದೀಪ ಮಿನುಗುತ್ತಿತ್ತು.

"ಅದೇನ ಅದು?"

"ಹೊಗೆ ಅಲಾರಂ, ಅಕ್ಕ. ನಿಮಗೆ ಗೊತ್ತಿಲ್ವಾ? ಫೈರ್ ಎಂಜಿನ್ ಕರೆಸಿದವರು ನೀವು" ಎಂದು ನಗಿಸಲು ನೋಡಿದೆ.

ಅವರು ನಗಲಿಲ್ಲ. ಎದ್ದು ಹೊರಗೆ ಹೋಗಿ, ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಂತರು. "ನೀ ಎರಿ ಭಾನು. ನಾ ಇಲ್ಲಿಂದ ಹೇಳ್ತೀನಿ."

"ಆಂಟಿ, ಪ್ಲೀಸ್. ಒಳಗೆ ಬನ್ನಿ" ದಿಯಾ ಅಳುದನಿಯಲ್ಲಿ ಕರೆದಳು.

"ಬ್ಯಾಡವಾ. ನಿನ್ನ ಕೂಸಿನ ಸಲುವಾಗೆ ಬ್ಯಾಡ ಅನ್ನಾಕತ್ತೀನಿ."

ಸವೆದ ಮಂಡಿ ಮಡಚಿ ನಾನೇ ಎಣ್ಣೆ ಹಚ್ಚಿದೆ, ಟಬ್ಬಿನಲ್ಲಿ ಕಾಲು ನೀಡಿ ಕೂತೆ. ಕೂಸನ್ನು ಮೊಳಕಾಲ ಮೇಲೆ ಬೋರಲು ಮಲಗಿಸಿ ಚೊಂಬು ಎತ್ತಿದೆ. ಆಚೆಯಿಂದ ದನಿ ಬರುತ್ತಿತ್ತು. ಕಿವಿಗೆ ಅಂಗೈ ಅಡ್ಡ ಹಿಡಿ. ಬೆನ್ನಿಗೆ ದಪ್ಪ ಧಾರಿ ಬೀಳ್ಲಿ. ಅಳಲಿ ಬಿಡು, ಅದು ನೀರಿನ ಅಳುವಲ್ಲ, ಹಸಿವಿನ ಅಳು. ಕಣ್ಣಿಂದ ನೋಡದೆ ಅವರಿಗೆ ಎಲ್ಲವೂ ಗೊತ್ತಾಗುತ್ತಿತ್ತು.

ಕೂಸನ್ನು ಅವರ ಇಳಕಲ್ ಸೀರೆಯಲ್ಲಿ ಸುತ್ತಿ ಹೊರಗೆ ತಂದೆ. "ಹಿಡ್ಕೊಳ್ಳಿ ಅಕ್ಕ. ಈಗಲಾದ್ರೂ."

ಅವರು ಬಗ್ಗಿ ಕೂಸಿನ ಮುಖ ನೋಡಿದರು. "ದಿಯಾನ ಮೂಗ ನೋಡ" ಅಂದರು. ಆಮೇಲೆ ಮೆಲ್ಲಗೆ ಕೇಳಿದರು, "ಫೋನ್ ಎಲ್ಲಾ ಹೊರಗ ಅದಾವಲ್ಲ?"

"ಡ್ರಾಯರಿನಲ್ಲಿವೆ ಅಕ್ಕ. ನೀವೇ ನೋಡಿದ್ರಲ್ಲ."

ಹೂಂ ಅಂದರು. ಆದರೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಕೈಗಳು ಹೊರಗೆ ಬರಲಿಲ್ಲ. ಕೂಸಿಗೆಂದು ಹಾಕಿಕೊಂಡಿದ್ದ ಎಣ್ಣೆ ಸೆರಗಿಗೆಲ್ಲ ಇಳಿದಿತ್ತು.