ಎರಡು ಮೀಟರ್‌ಗೆ ಇಳಿದ ಅಕ್ರೋಟು ಮರ

ನಮ್ಮೂರಿನಲ್ಲಿ ಮಗು ಹುಟ್ಟಿದ ವರ್ಷ ಅಕ್ರೋಟಿನ ಸಸಿ ನೆಡುತ್ತಾರೆ. 1989ರಲ್ಲಿ ನಮ್ಮೂರ ಸೊಲಾಂಜಳಿಗೆ ಮಗಳು ಕೊರಾಲಿ ಹುಟ್ಟಿದಾಗ ಅವಳ ಗಂಡನೂ ನೆಟ್ಟ, ಅದೂ ಕಣ್ಣಂದಾಜಿನಲ್ಲಿ, ಪಕ್ಕದ ಲಾಕೋಂಬನ ಬೇಲಿಯಿಂದ ಒಂದೇ ಮೀಟರ್ ದೂರಕ್ಕೆ. ಆಗ ಯಾರೂ ಅಳೆಯಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮಗಳು ರಸ್ತೆ ಅಪಘಾತದಲ್ಲಿ ಹೋದಳು, ಆಮೇಲೆ ಗಂಡನೂ ಹೋದ. ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿ ಬದುಕಿದ ಸೊಲಾಂಜಳಿಗೆ ಉಳಿದದ್ದು ಆ ಮರ ಒಂದೇ. ಕಾಯಿ ಆಯ್ದು, ಚಳಿಗಾಲವಿಡೀ ಒಡೆದು, ಗಾಣಕ್ಕೆ ಕೊಟ್ಟು, ವರ್ಷಕ್ಕೊಂದು ಬಾಟಲಿ ಎಣ್ಣೆ ನನಗೂ ತಂದುಕೊಡುತ್ತಿದ್ದಳು.

ಹಳೆಯ ಲಾಕೋಂಬ ಸತ್ತ ಮೇಲೆ ಅವನ ಮಗ ರೆಜಿಸ್ ಬಂದು ಹಿತ್ತಲಲ್ಲಿ ಈಜುಕೊಳ ಮಾಡಿಸಿದ. ನೀರಿಗೆ ಎಲೆ ಬೀಳುತ್ತದೆ, ಮರ ತೆಗೆಸಿ ಎಂದು ರಿಜಿಸ್ಟರ್ಡ್ ಪತ್ರ ಕಳಿಸಿದ. ನಮ್ಮ ನಾಗರಿಕ ಸಂಹಿತೆಯ ಪ್ರಕಾರ ಎರಡು ಮೀಟರ್ ಎತ್ತರ ಮೀರಿದ ಮರ ಗಡಿಯಿಂದ ಎರಡು ಮೀಟರ್ ಆಚೆಗಿರಬೇಕು. ಇಲ್ಲದಿದ್ದರೆ, ನೆರೆಯವನು ಕೇಳಿದಾಗ ಕೀಳಬೇಕು, ಅಥವಾ ಎರಡು ಮೀಟರ್‌ಗೆ ಇಳಿಸಬೇಕು. ಮೂವತ್ತು ವರ್ಷ ಯಾರೂ ತಕರಾರು ಮಾಡದಿದ್ದರೆ ಮಾತ್ರ ಮರ ಬಚಾವು.

ಸೊಲಾಂಜ್ ಪತ್ರ ಹಿಡಿದು ನನ್ನಲ್ಲಿಗೆ ಬಂದಳು. ನಾನು ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿ ಮೊಹರು ಒತ್ತಿದವನು. ಊರವರು ತಮಾಷೆಗೆ "ಜಡ್ಜ್ ಸಾಹೇಬ್ರೇ" ಎನ್ನುತ್ತಾರೆ. ಆ ತಮಾಷೆಯನ್ನು ನಾನೇ ನಂಬಿಕೊಂಡಿದ್ದೆ. ನೆಟ್ಟು ಮೂವತ್ತಮೂರು ವರ್ಷವಾಯಿತು, ಹೆದರಬೇಡ ಎಂದೆ. ಕೋರ್ಟಿಗೆ ಮೊದಲು ರಾಜಿ ಮಾಡಿಸುವವರ ಮುಂದೆ ರೆಜಿಸ್ ಕೊಂಚ ಬಗ್ಗಿದ. ತನ್ನ ಕಡೆಯ ಕೊಂಬೆಗಳನ್ನು ಕಡಿದರೆ ಸಾಕು ಎಂದ. ಸೊಲಾಂಜ್ ನನ್ನ ಮುಖ ನೋಡಿದಳು. ಒಂದು ರೆಂಬೆಯನ್ನೂ ಬಿಡಬೇಡ, ಕಾನೂನು ನಮ್ಮ ಕಡೆಗಿದೆ ಎಂದೆ. ಅಲ್ಪವಿದ್ಯಾ ಮಹಾಗರ್ವಿ ಅನ್ನುವುದು ಸುಮ್ಮನೆ ಅಲ್ಲ.

ರೆಜಿಸ್ ದಾವೆ ಹೂಡಿದ. ಮರ ಹಳೆಯದೆಂದು ತೋರಿಸಲು ಹಳೆಯ ಫೋಟೋ ಹುಡುಕು ಎಂದದ್ದೂ ನಾನೇ. ವಿಚಾರಣೆಯ ದಿನ ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದಳು. ಫೋಟೋದಲ್ಲಿ ಗಂಡ ಮರದ ಪಕ್ಕ ನಿಂತಿದ್ದಾನೆ, ಮಗಳು ಅವನ ಹೆಗಲ ಮೇಲೆ. ಮರದ ತುದಿ ಅವನ ಟೋಪಿಯ ಮಟ್ಟಕ್ಕಿದೆ.

"ಇದು ಯಾವಾಗ ತೆಗೆದಿದ್ದು, ಮದಾಂ?" ನ್ಯಾಯಾಧೀಶೆ ಕೇಳಿದರು.

"ತೊಂಬತ್ತನಾಲ್ಕರಲ್ಲಿ. ನಮ್ಮ ಕೊರಾಲಿಗೆ ಐದು ತುಂಬಿದ ದಿನ," ಎಂದಳು ಸೊಲಾಂಜ್. ಹೇಳುವಾಗ ಮುಖ ಅರಳಿತ್ತು.

ನ್ಯಾಯಾಧೀಶೆ ಕನ್ನಡಕ ತೆಗೆದು, ಮೂವತ್ತು ವರ್ಷ ಎಣಿಸುವುದು ನೆಟ್ಟ ದಿನದಿಂದಲ್ಲ, ಮರ ಎರಡು ಮೀಟರ್ ದಾಟಿದ ದಿನದಿಂದ ಎಂದು ಮೆಲ್ಲಗೆ ವಿವರಿಸಿದರು. ತೊಂಬತ್ತನಾಲ್ಕರಲ್ಲಿ ಅದು ಇನ್ನೂ ದಾಟಿರಲಿಲ್ಲ. ದಾವೆ ಬಿದ್ದದ್ದು 2022ರಲ್ಲಿ. ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ನಾನು ಮಾಡಿದ್ದನ್ನು ಅವಳು ಉಣ್ಣಬೇಕಾಯಿತು.

ಕೀಳುವುದೋ ಇಳಿಸುವುದೋ ಮರದವಳ ಇಷ್ಟ, ಎರಡು ತಿಂಗಳ ಗಡುವು, ತಪ್ಪಿದರೆ ದಿನಕ್ಕಿಷ್ಟು ದಂಡ ಎಂದು ಆದೇಶವಾಯಿತು. ಅವಳು ಇಳಿಸುವುದನ್ನೇ ಆರಿಸಿಕೊಂಡಳು. ಗರಗಸದವರು ಒಂದೇ ಬೆಳಿಗ್ಗೆಯಲ್ಲಿ ಕೆಲಸ ಮುಗಿಸಿದರು. ಕೋರ್ಟಿನ ಅಮೀನ ಬಂದು ಟೇಪು ಹಿಡಿದು, ಒಂದು ಮೀಟರ್ ತೊಂಬತ್ತೆಂಟು ಎಂದು ಬರೆದುಕೊಂಡು ಹೋದ. ಹಿತ್ತಲಲ್ಲಿ ಮೊಂಡು ಬೊಡ್ಡೆಯೊಂದು ನಿಂತಿತ್ತು.

ಮುಂದಿನ ವಸಂತಕ್ಕೆ ಅದು ಚಿಗುರಿತು. ಜೂನ್ ಹೊತ್ತಿಗೆ ಚಿಗುರು ಎರಡು ಮೀಟರ್ ದಾಟಿತು, ರೆಜಿಸನ ಪತ್ರ ಬಂತು. ಸೊಲಾಂಜ್ ಏಣಿ ಹತ್ತಿ ತಾನೇ ಕತ್ತರಿಸಿದಳು, ನಾನು ಏಣಿ ಹಿಡಿದೆ. ಅದರ ಮರುವರ್ಷವೂ ಹಾಗೆಯೇ ಆಯಿತು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈ ಜೂನಿನಲ್ಲಿ ಕತ್ತರಿ ಹಿಡಿದು ಎರಡು ಮೆಟ್ಟಿಲು ಹತ್ತಿದವಳು ಹಾಗೇ ಕೆಳಗಿಳಿದಳು.

"ರೇಮೋಂ, ಬೇರು ಸಮೇತ ಕೀಳಿಸಿಬಿಡೋಣ," ಎಂದಳು. "ಬೆಳೀತೀನಿ ಬೆಳೀತೀನಿ ಅಂತ ವರ್ಷಾ ವರ್ಷಾ ಬರುತ್ತೆ. ಪ್ರತಿ ಸಲ ನನ್ನ ಕೈಯಾರೆ ಕತ್ತರಿಸೋಕೆ ನನ್ನಿಂದಾಗಲ್ಲ."

ಮಣ್ಣು ತೋಡುವ ಯಂತ್ರದವನಿಗೆ ನಾನೇ ಫೋನು ಮಾಡಿದೆ. ಗುರುವಾರ ಬರುತ್ತಾನಂತೆ.