ಮುನವಳ್ಳಿ ಗರಡಿಯಲ್ಲಿ ನನ್ನ ಕಾಮೆಂಟ್ರಿ

ಬೈಲಹೊಂಗಲದ ಒಂದು ಕೇಬಲ್ ಟಿವಿ ಆಫೀಸಿನಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಚಾನೆಲ್ ಬಾರದಿದ್ದರೆ, ಚಿತ್ರ ಒಡೆದು ಕಾಣುತ್ತಿದ್ದರೆ ಜನ ನನಗೇ ಬೈಯುತ್ತಾರೆ. ಮಳೆಗಾಲದಲ್ಲಿ ಬೈಗುಳ ಜಾಸ್ತಿ. ಆ ವರ್ಷ ಮಾತ್ರ ಬೇಸಿಗೆಯಲ್ಲೇ ಶುರುವಾಯಿತು.

ನಮಗೆ ಚಾನೆಲ್ ಕೊಡುವ ದೊಡ್ಡ ಕಂಪನಿಯ ಕೈಯಿಂದ ಒಂದೊಂದೇ ಜಾರುತ್ತಿತ್ತು. ಮೊದಲು ಹೊಸ ಸಿನಿಮಾಗಳು ಹೊರದೇಶದ ಆ್ಯಪ್‌ಗಳ ಪಾಲಾದವು. ಆಮೇಲೆ ಮಕ್ಕಳ ಕಾರ್ಟೂನುಗಳು. ಆ ಬೇಸಿಗೆ ಕ್ರಿಕೆಟ್ಟೂ ಹೋಯಿತು.

"ಅಕ್ಕಾರ, ಮ್ಯಾಚ್ ಯಾಕ ಬರವಲ್ದು?"

"ಈ ಸಲ ಟಿವಿಯೊಳಗ ಬರೂದಿಲ್ರಿ. ಮೊಬೈಲ್‌ನ್ಯಾಗ ನೋಡಬೇಕಂತ."

"ಹಂಗಾದ್ರ ನಿಮ್ಮ ಡಬ್ಬಿ ಹೊಳ್ಳಿ ಒಯ್ರಿ."

ಹೀಗೆ ವಾಪಸು ಬಂದ ಸೆಟ್‌ಟಾಪ್ ಬಾಕ್ಸುಗಳು ಹಿಂದಿನ ಕೋಣೆಯಲ್ಲಿ ಸೊಂಟದೆತ್ತರ ಬೆಳೆದವು. ಹರೆಯದಲ್ಲಿ ತಾವೇ ಕಂಬ ಹತ್ತಿ ವೈರ್ ಎಳೆದಿದ್ದ ಮಾಲೀಕರು ಆ ಕೋಣೆಯ ಬಾಗಿಲು ತೆರೆಯುವುದನ್ನೇ ಬಿಟ್ಟರು. ನನ್ನ ಕೆಲಸ ಇನ್ನೆಷ್ಟು ದಿನ ಎಂದು ನಾನೂ ಯೋಚಿಸುತ್ತಿದ್ದೆ.

ಒಂದು ದಿನ ಮುನವಳ್ಳಿಯಿಂದ ಒಬ್ಬ ಮುದುಕರು ಬಸ್ಸು ಹಿಡಿದು ಬಂದರು. ಬಿಳಿ ಮೀಸೆ, ಮಣ್ಣಿಗೆ ತಿಕ್ಕಿ ತಿಕ್ಕಿ ದಪ್ಪಗಾದ ಕಿವಿಗಳು. ಹಳೇ ಪೈಲವಾನರು, ಊರ ಗರಡಿಮನೆಯಲ್ಲಿ ಈಗಲೂ ಹುಡುಗರಿಗೆ ಕುಸ್ತಿ ಕಲಿಸುತ್ತಾರೆ.

"ಕುಸ್ತಿ ತೋರಸೂ ಚಾನೆಲ್ ಎಲ್ಲಿ ಹೋತವಾ?"

ಅದೂ ಆ್ಯಪಿಗೆ ಹೋಗಿದೆ ಎಂದೆ. ಅವರು ಸಿಟ್ಟಾಗಲಿಲ್ಲ. "ನಮ್ಮ ಗರಡ್ಯಾಗ ದಿನಾ ಕುಸ್ತಿ ನಡೀತೈತಿ. ಅದನ್ನ ಯಾರೂ ಒಯ್ದಿಲ್ಲ. ಅದನ್ನರ ತೋರಸ್ರಿ" ಎಂದು ಮಾಲೀಕರಿಗೆ ಹೇಳಿ ಹೊರಟುಬಿಟ್ಟರು.

ನಮ್ಮದೇ ಒಂದು ಲೋಕಲ್ ಚಾನೆಲ್ ಇತ್ತು. ಅದರಲ್ಲಿ ದಿನವಿಡೀ ಸೀರೆ ಅಂಗಡಿಯ ಜಾಹೀರಾತು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಸಂಜೆ ಆಫೀಸಿನ ಬಾಗಿಲು ಹಾಕುವಾಗ ಮಾಲೀಕರು ಕೇಳಿದರು: "ಐತವಾರ ಹೋಗಿ ಬರೂಣೇನು?"

ಮದುವೆ ವಿಡಿಯೋ ತೆಗೆಯುವ ಕ್ಯಾಮೆರಾ ಬಾಡಿಗೆಗೆ ತಂದು ಹೋದೆವು. ಪೈಲವಾನರೇ ಕಾಮೆಂಟ್ರಿ ಹೇಳಬೇಕೆಂದು ಮಾತಾಗಿತ್ತು. ಆದರೆ ಮೈಕ್ ಕೈಗೆ ಬಂದದ್ದೇ ಅವರ ಬಾಯಿ ಕಟ್ಟಿತು. ಕಣದಲ್ಲಿ ಜೋಡಿ ಆಗಲೇ ಹಿಡಿದಾಡುತ್ತಿತ್ತು. ಮಾಲೀಕರು ಮೈಕ್ ಕಸಿದು ನನಗೆ ಕೊಟ್ಟರು. ನಾನು ಜನ್ಮದಲ್ಲಿ ಕುಸ್ತಿ ನೋಡಿದವಳಲ್ಲ. ಏನು ಹೇಳಲಿ? ತೋಚದೆ ಅವರನ್ನೇ ಕೇಳಿದೆ.

"ಅಜ್ಜಾರ, ಮೈಗೆಲ್ಲಾ ಯಾಕ ಮಣ್ಣ ಹಚ್ಕೊಂಡಾರ?"

"ಬೆವತ ಮೈ ಜಾರತೈತಿ. ಮಣ್ಣ ಹಚ್ಚಿದ್ರ ಹಿಡತ ಸಿಗತೈತಿ. ಇಷ್ಟೂ ಗೊತ್ತಿಲ್ಲೇನವಾ ನಿನಗ?"

ನನ್ನ ದಡ್ಡತನಕ್ಕೆ ಸಿಟ್ಟು ಬಂದು ಅವರು ಮೈಕನ್ನೇ ಮರೆತರು. ಕಾಲಿಗೆ ಯಾಕೆ ಕೈ ಹಾಕಿದ, ಮೇಲಿದ್ದವನು ಗೆದ್ದಂತೆಯೇ ಅಲ್ಲವೇ ಎಂದು ನಾನು ಕೇಳುತ್ತ ಹೋದೆ. ಅವರು ಗದರುತ್ತ ಬಿಡಿಸಿ ಹೇಳುತ್ತ ಹೋದರು.

ಮರುದಿನ ಸಂಜೆ ಅದು ಟಿವಿಯಲ್ಲಿ ಬಂತು. ನಾಚಿಕೆಯಿಂದ ನಾನು ನೋಡಲೇ ಇಲ್ಲ. ಬೆಳಿಗ್ಗೆ ಕಟಕೋಳದಿಂದ ಒಬ್ಬ ಹೆಣ್ಣುಮಗಳ ಫೋನ್.

"ನಮ್ಮ ಮನ್ಯಾಗ ಗಂಡಸರು ಕುಸ್ತಿ ನೋಡತಿದ್ರು, ನನಗ ಒಂದೂ ತಿಳೀತಿರಲಿಲ್ಲ. ನಾ ಕೇಳಬೇಕಂದದ್ದನ್ನೆಲ್ಲಾ ನೀವ ಕೇಳಿದ್ರಿ ನೋಡ್ರಿ."

ಹೊಗಳಲಿಕ್ಕೆಂದು ಆ ಆಫೀಸಿಗೆ ಬಂದ ಮೊದಲ ಫೋನ್ ಅದು.

ಆಮೇಲೆ ಪ್ರತಿ ವಾರ ಹೋಗತೊಡಗಿದೆವು. ಕ್ರಿಕೆಟ್ ವಾಪಸು ಬರಲಿಲ್ಲ. ಬಿಟ್ಟು ಹೋದ ಗಿರಾಕಿಗಳು ಎಲ್ಲರೂ ಬರಲಿಲ್ಲ. ಆದರೂ ಹಿಂದಿನ ಕೋಣೆಯಿಂದ ಬಾಕ್ಸುಗಳು ಒಂದೊಂದಾಗಿ ಮತ್ತೆ ಮನೆಗಳಿಗೆ ಹೋದವು.

ದೀಪಾವಳಿ ಕಳೆದ ಮೇಲೆ ಒಂದು ಐತವಾರ, ಫೋನ್ ಮಾಡಿದ್ದ ಕಟಕೋಳದ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಗರಡಿಗೇ ಬಂದಳು. ಹನ್ನೆರಡರ ಹುಡುಗಿ, ಎರಡು ಜಡೆ.

"ಇಕಿಗೆ ಕಲೀಬೇಕಂತ್ರಿ, ಅಜ್ಜಾರ."

"ಇಲ್ಲೆ ಹೆಣ್ಣಹುಡುಗ್ಯಾರು ಕಲತಿಲ್ಲವಾ" ಎಂದರು ಪೈಲವಾನರು.

ನಾನು ತಡೆಯಲಾರದೆ ಅಂದೆ: "ಇನ್ನ ಮ್ಯಾಲ ಕಲೀಲಿ ಬಿಡ್ರಿ."

ಕುಸ್ತಿಗೆ ಬೇಕಾದ ಗಟ್ಟಿ ನಿಲುವಿದೆಯೇ ಎಂದು ಅವರು ಹುಡುಗಿಯ ಪಾದಗಳನ್ನು ನೋಡಿದರು. ಆಮೇಲೆ, "ಜಡಿ ಎತ್ತಿ ಕಟ್ಟಕೊಂಡ ಬಾ" ಎಂದರು.

ಈಗ ನಾಲ್ಕು ಹುಡುಗಿಯರಿದ್ದಾರೆ. ಐತವಾರ ಬೆಳಗಿನ ಮೊದಲ ಒಂದು ತಾಸು ಕಣ ಅವರದೇ. ಹೋದ ವಾರ ಕಟಕೋಳದ ಹುಡುಗಿ ಸೋತಳು. ಮಣ್ಣು ಕೊಡವಿಕೊಂಡು ಎದ್ದು, ತನ್ನನ್ನು ಕೆಡವಿದ ಪಟ್ಟು ಯಾವುದೆಂದು ಕೇಳಿದಳು. ಪೈಲವಾನರು ನೋಯುವ ಮೊಣಕಾಲು ಹಿಡಿದುಕೊಂಡೇ ಕಣಕ್ಕಿಳಿದರು, ತೋರಿಸಲಿಕ್ಕೆ.