ಆಟದ ಲಾರಿಗೆ ಶಾಸ್ತ್ರದ ನಿಂಬೆಹಣ್ಣು

ಮೊಮ್ಮಗಳ ಲಾರಿ ಓಡಿತು ಎಂದು ಅವತ್ತು ಯಡಿಯೂರಿನ ನಮ್ಮ ಬೀದಿಗೆಲ್ಲ ಸಾರಿದವಳು ನಾನೇ. ಕೇಳದವರನ್ನೂ ನಿಲ್ಲಿಸಿ ಹೇಳಿದೆ.

ಸಿಂಗಪುರದಿಂದ ಬಂದ ಆಟದ ಲಾರಿ ಅದು. ಕೈಯಲ್ಲಿ ಡಬ್ಬಿ ಹಿಡಿದು ದೂರದಿಂದಲೇ ಓಡಿಸಬೇಕು. ಹಿಂದಿನ ಚಕ್ರಗಳ ಆಕ್ಸಲ್ ಮುರಿದಾಗ ಮಗ ಬೇರೆ ಕಂಪನಿಯ ಆಕ್ಸಲ್ ತರಿಸಿದ. ಜೋಡಿಸಲು ಬಂದವರು ಎದುರುಮನೆಯ ಲಾರಿ ಮೇಸ್ತ್ರಿ. ಗೇಣುದ್ದದ ಲಾರಿಗೂ ಗೋಣಿಚೀಲ ಹಾಸಿ ಅಂಗಾತ ಮಲಗಿ, ಅದನ್ನು ಮುಖದ ಮೇಲೆ ಎತ್ತಿ ಹಿಡಿದರು. “ಕಂಪನಿಯವರಿಗೇನು ಗೊತ್ತು” ಎನ್ನುತ್ತ, ಜೋಡಿಸುವ ವಿಧಾನ ಬರೆದಿದ್ದ ಕಾಗದವನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಂಡರು.

ಆಮೇಲೆ ಕುಂಕುಮವಿಟ್ಟು, ಚಕ್ರದ ಕೆಳಗೆ ಚಕ್ರದಷ್ಟೇ ದಪ್ಪದ ನಿಂಬೆಹಣ್ಣಿಟ್ಟರು. ಡಬ್ಬಿಯ ಗುಂಡಿ ಒತ್ತಿದರೆ ಲಾರಿ ಗುರ್ ಎಂದು ನಿಂತಲ್ಲೇ ನಿಂತಿತು. ಅದು ಓಡುವವರೆಗೂ ಊಟ ಬೇಡವೆಂದು ಮೊಮ್ಮಗಳು ಬೆಳಿಗ್ಗೆಯಿಂದ ಹಟ ಹಿಡಿದು ಕೂತಿದ್ದಳು.

“ಹಣ್ಣು ತೆಗಿಯಪ್ಪಾ, ಪಾಪ, ಅದು ಬೆಟ್ಟ ಹತ್ತಬೇಕಾ?”

“ಶಾಸ್ತ್ರ ಬಿಟ್ರೆ ಬ್ರೇಕ್ ಫೇಲಾಗುತ್ತೆ ಅಜ್ಜಿ.”

“ಅದಕ್ಕೆ ಬ್ರೇಕೇ ಇಲ್ವಲ್ಲ.”

ನಾನೇ ಹಣ್ಣು ತೆಗೆದು ಸ್ವಲ್ಪ ಮುಂದೆ ಇಟ್ಟೆ. ಆಗಲೂ ಲಾರಿ ಕದಲಲಿಲ್ಲ. ಎತ್ತಿ ನೋಡಿದರೆ ಮುಂದಿನ ಚಕ್ರಗಳು ಮುಂದಕ್ಕೆ, ಹಿಂದಿನವು ಹಿಂದಕ್ಕೆ ತಿರುಗುತ್ತಿದ್ದವು. ಮೇಸ್ತ್ರಿ ಆಕ್ಸಲ್ಲಿನೊಳಗಿನ ಗೇರನ್ನು ತಿರುಗಾಮುರುಗಾ ಕೂರಿಸಿದ್ದರು.

“ನೋಡಿ, ಕಂಪನಿಯವರಿಗೇನು ಗೊತ್ತು” ಎಂದು ಬೈಯುತ್ತಲೇ ಅದನ್ನು ಸರಿಯಾಗಿ ತಿರುಗಿಸಿ ಹಾಕಿದರು. ಲಾರಿ ನಿಂಬೆಹಣ್ಣನ್ನು ಉರುಳಿಸಿಕೊಂಡು ನೇರವಾಗಿ ಅಡುಗೆಮನೆಗೆ ನುಗ್ಗಿತು.

ಸಂಜೆ ಆ ಹಣ್ಣನ್ನೇ ಹಿಂಡಿ ಚಿತ್ರಾನ್ನ ಕಲಸಿದೆ. ಮೇಸ್ತ್ರಿಯನ್ನೂ ಕೂರಿಸಿಕೊಂಡು ಮನೆಯವರೆಲ್ಲ ಸಾಲಾಗಿ ಊಟಕ್ಕೆ ಕೂತೆವು.

“ಉಪ್ಪು ಸ್ವಲ್ಪ ಕಮ್ಮಿ ಅಜ್ಜಿ” ಎಂದರು ಮೇಸ್ತ್ರಿ.

ಮೊಮ್ಮಗಳು ಬಾಯಿ ತುಂಬ ಅನ್ನವಿಟ್ಟುಕೊಂಡೇ ಉಪ್ಪಿನ ಬಟ್ಟಲನ್ನು ಲಾರಿಗೇರಿಸಿ, ಓಡಿಸಿ, ಅವರ ಎಲೆಯ ಮುಂದೆ ನಿಲ್ಲಿಸಿದಳು.